ಬಾಯಿ ನೋಡದ ಕಡಿವಾಣ ಕೊಳ್ಳಬ್ಯಾಡ

ತಮ್ಮಾ, ನೀ ಫೋನಿನ್ಯಾಗ ಕಳಿಸಿದ ಮೂರೂ ಕಡಿವಾಣ ನೋಡಿದೆ. ಇವುದರಾಗ ಮೆತ್ತಂದು ಯಾವುದು ಅಂತ ಕೇಳೀದಿ. ಇವತ್ತ ಯಾವುದೂ ಕೊಳ್ಳಬ್ಯಾಡ ಅನ್ನೂದ ನನ್ನ ಮೊದಲನೇ ಮಾತು. ಅಕ್ಲೂಜದ ಕುದುರಿ ಬಾಜಾರದಿಂದ ತಂದ ಪ್ರಾಣಿ. ಅದಕ್ಕ ಊರು ಹೊಸಾದು, ನೀರು ಹೊಸಾದು, ಬೆನ್ನ ಮ್ಯಾಲ ಕೂಡಾಂವನೂ ಹೊಸಬ. ಲಗಾಮು ಜರಾ ಬಿಗದರ ಮಾರಿ ಮ್ಯಾಲಕ್ಕ ಎತ್ತತೈತಿ, ತಲಿ ಝಾಡಸತೈತಿ, ಬಾಯಿ ತಗದು ನಾಲಗಿ ಒಂದ ಕಡೆ ಹೊರಗ ಹಾಕತೈತಿ ಅಂತ ಬರದೀದಿ. ಇದನ್ನ ಕೇಳಿ ಅಂಗಡ್ಯಾಂವ ಬಿಗಿ ಕಡಿವಾಣ ತೋರಿಸಿದ. ನಿಮ್ಮ ಕಾಕಾ ಮುಳ್ಳಿಂದ ಹಾಕು, ಒಂದ ದಿನದಾಗ ಹಾದಿಗೆ ಬರತೈತಿ ಅಂದ. ಕುದುರಿ ಬಾಯಿ ತಗದು ನೋಡಿದವರು ಇಬ್ಬರಾಗ ಒಬ್ಬರೂ ಇಲ್ಲ.

ನಿಮ್ಮ ಕಾಕಾನ ಮ್ಯಾಲ ನನಗೇನು ಸಿಟ್ಟಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಸೀಮಿ ಎತ್ತಿನ ಸೀಮಿ. ಕಲಘಟಗಿ ಕಡೆ ಹೋದರ ಮಲೆನಾಡಿನ ಸೆರಗು ಹತ್ತತೈತಿ, ಅಲ್ಲಿನೂ ಎತ್ತ. ಕುದುರಿ ಅಂದ್ರ ನಮಗ ಮದುವಿ ಮೆರವಣಗಿ, ಜಾತ್ರಿ, ಇಲ್ಲಾ ಸುಗ್ಗಿ ಆದ ಮ್ಯಾಲ ಕುರಿ ಹಿಂಡಿನ ಜೋಡಿ ಬರೂ ಕುರುಬರ ತಟ್ಟು. ಹಿಂಗಾಗಿ ಎತ್ತಿನ ಮ್ಯಾಲ ಕಲತದ್ದನ್ನ ಕುದುರಿಗೆ ಹಚ್ಚತೀವಿ. ಮೂಗದಾಣಿ ಜಗ್ಗಿದರ ಎತ್ತು ನಿಲ್ಲತೈತಿ, ಹಂಗಾದರ ಕಡಿವಾಣ ಜಗ್ಗಿದರ ಕುದುರಿನೂ ನಿಲ್ಲಬೇಕು ಅನ್ನೂ ಲೆಕ್ಕ. ಈ ಲೆಕ್ಕದಾಗನ ಕುದುರಿ ಬಾಯಿ ಹಾಳಾಗೂದು.

ಎತ್ತಿನ ಮೂಗದಾಣಿ ಎರಡು ಹೊಳ್ಳಿ ನಡುವಿನ ಮೆತ್ತನ್ನ ಪರದೆ ತೂರಿ ಹೋಗತೈತಿ. ಚುಚ್ಚಿದ ತೂತು ಮಾಯ್ದ ಮ್ಯಾಲ ಹಗ್ಗ ಅಲ್ಲಿ ಸುಮ್ಮನ ಇರತೈತಿ. ಗಳೆ ಹೊಡಿಯೂ ಮುಂದ ಚಲೋ ರೈತ ಬಾಯಿಮಾತಿನ್ಯಾಗನ ಎತ್ತು ಹೊಳ್ಳಸತಾನ, ಹಗ್ಗಕ್ಕ ಕೈ ಹಚ್ಚೂದ ಕಮ್ಮಿ. ಕುದುರಿದು ಹಂಗಲ್ಲ. ಅದರ ಬಾಯಾಗ ಮುಂದಿನ ಹಲ್ಲಿಗೂ ಹಿಂದಿನ ದವಡಿ ಹಲ್ಲಿಗೂ ನಡುವ ಹಲ್ಲ ಇಲ್ಲದ ಒಂದು ಬಯಲು ಜಾಗಾ ಐತಿ. ಕಡಿವಾಣದ ಸಳಿ ಕೂಡೂದು ಅಲ್ಲೆ. ಆ ಬಯಲಿನ ಕೆಳಗ ದವಡಿ ಎಲುಬು ಸಣ್ಣ ಏಣಿನಂಗ ಎದ್ದಿರತೈತಿ, ಅದರ ಮ್ಯಾಲ ತೆಳ್ಳನ್ನ ವಸಡು ಬಿಟ್ಟರ ಮಾಂಸ ಇಲ್ಲ, ಕೊಬ್ಬಿಲ್ಲ. ಎರಡು ಏಣಿನ ನಡುವ ನಾಲಗಿ. ನೀ ಲಗಾಮು ಜಗ್ಗಿದಾಗ ಕಬ್ಬಿಣ ಮೊದಲ ನಾಲಗಿ ಅಮುಕತೈತಿ, ಆಮ್ಯಾಲ ಎಲುಬಿನ ಮ್ಯಾಲ ಕೂಡತೈತಿ, ತುಟಿಯ ಮೂಲಿ ಹಿಂದಕ್ಕ ಎಳಿತೈತಿ. ಬಾಯಿ ತಗದು ತಲಿ ಎತ್ತಿದರ ಸಳಿ ಎಲುಬು ಬಿಟ್ಟು ದವಡಿ ಹಲ್ಲಿನ ಕಡೆ ಸರೀತೈತಿ, ನೋವು ಅಷ್ಟು ಕಮ್ಮಿ. ನಿನ್ನ ಕುದುರಿ ಮಾಡೂದು ಇದನ್ನ. ಅದನ್ನ ನೀವು ಮಸ್ತಿ ಅಂತ ಕರೀತೀರಿ.

ನನ್ನ ಅಪ್ಪ ಅಣ್ಣಿಗೇರಿ ಸ್ಟೇಶನ್ನಿಂದ ಊರೊಳಗ ಟಾಂಗಾ ಹೊಡೀತಿದ್ದ. ಹುಬ್ಬಳ್ಳಿ–ಗದಗ ಗಾಡಿ ಬಂದ್ರ ಸಾಕು, ಗೇಟಿನ ಹೊರಗ ಟಾಂಗಾದವರ ಗದ್ದಲ. ಮುದಿ ಕುದುರಿ ಕೊಳ್ಳೂ ಮುಂದ ಅಪ್ಪ ಕಾಲು ನೋಡೂಕಿಂತ ಮೊದಲ ತುಟಿ ಸರಿಸಿ ಬಾಯಿ ನೋಡತಿದ್ದ. ಬಾಯಿ ಬಿರಸಾದ ಕುದುರಿ ಅಂದ್ರ ಅದಕ್ಕ ನೋವು ಆಗೂದಿಲ್ಲ ಅಂತಲ್ಲ. ನೋವಿಗೆ ಎದುರು ಒತ್ತಿ ನಿಲ್ಲೂದು ಕಲತೈತಿ ಅಂತ. ಅಂಥಾದಕ್ಕ ಇನ್ನೂ ಬಿಗಿದು ಬೇಕು, ಮುಂದಿನ ವರ್ಷ ಅದಕ್ಕಿಂತ ಬಿಗಿದು ಬೇಕು. ನಿನ್ನ ಕುದುರಿ ಬಾಯಿ ಮೆತ್ತಗ ಐತಿ ಅಂತ ನೀ ಚಿಂತಿ ಮಾಡಾಕತ್ತೀದಿ. ನಾ ಆಗಿದ್ದರ ಅದಕ್ಕ ಹೆಚ್ಚಿನ ರೊಕ್ಕ ಕೊಡತಿದ್ದೆ.

ಮುಳ್ಳಿನ ಕಡಿವಾಣದ ವಿಷಯ ಇಲ್ಲೇ ಮುಗಿಸಿಬಿಡೂಣು. ಭಾರ ಎಳಿಯೂ, ಹೊರೂ ಪ್ರಾಣಿಗಳ ಸಲುವಾಗಿ 1965ರಾಗ ಕೇಂದ್ರ ಸರಕಾರ ಕ್ರೌರ್ಯ ತಡಿಯೂ ನಿಯಮ ಮಾಡೇತಿ. ಮುಳ್ಳು, ಗುಬಟು, ಚೂಪು ತುದಿ ಇರೂ ಕಡಿವಾಣ, ಕೋಲು, ನೊಗ ಯಾವುದನ್ನೂ ಬಳಸಬಾರದು ಅಂತ ಅದರಾಗ ಸ್ಪಷ್ಟ ಐತಿ. ಅದ ನಿಯಮದಾಗ ಬಿಸಲು 37 ಡಿಗ್ರಿ ದಾಟೂ ಊರಾಗ ಮಧ್ಯಾಹ್ನ 12ರಿಂದ 3ರ ತನಕ ದುಡಿಸಬಾರದು, ದಿನಕ್ಕ ಒಟ್ಟು 9 ತಾಸಿಗಿಂತ ಹೆಚ್ಚು, ಬಿಡುವಿಲ್ಲದ 5 ತಾಸಿಗಿಂತ ಹೆಚ್ಚು ಹೂಡಬಾರದು ಅಂತನೂ ಐತಿ. ನವಲಗುಂದದ ಎಪ್ರಿಲ್ ಬಿಸಲಿನ್ಯಾಗ ಈ ಮಾತು ಕಾಗದದ ಮಾತಲ್ಲ. ಕಾಕಾಗ ಕಾನೂನು ಹೇಳಿದರ ಸಿಟ್ಟು ಬರತೈತಿ, ಬರಲಿ. ಸಂತಿಯೊಳಗ ಕಾಂಟಾ ಲಗಾಮು ಅಂತ ಈ ಮುಳ್ಳಿಂದನ ಇನ್ನೂ ಮಾರತಾರ ಅನ್ನೂದು ಅದನ್ನ ಕೊಳ್ಳಾಕ ಕಾರಣ ಆಗೂದಿಲ್ಲ.

ಈ ಜಗಳ ಹೊಸಾದೇನಲ್ಲ. ನಾ ದನದ ದವಾಖಾನ್ಯಾಗ ಕಂಪೌಂಡರ್ ಇದ್ದಾಗ ಒಬ್ಬ ಡಾಕ್ಟರು ಗ್ರೀಸ್ ದೇಶದ ಜೆನೊಫೋನನ ಪುಸ್ತಕದ ವಿಷಯ ಹೇಳತಿದ್ದರು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಾಗ, ದಂಡಿನ್ಯಾಗ ಕುದುರಿ ನಡಿಸಿದಾಂವ, ಕುದುರಿ ಸವಾರಿ ಮ್ಯಾಲ ಒಂದು ಪುಸ್ತಕ ಬರದಾನ. ಎರಡು ಕಡಿವಾಣ ಇಟಗೊ, ಒಂದು ನುಣುಪು, ಒಂದು ಒರಟು ಅಂತಾನ. ಒರಟಿನ್ಯಾಗ ಕಲಿಸಿ ನುಣುಪಿಗೆ ತಂದರ ಕುದುರಿಗೆ ನುಣುಪು ಹಿತ ಅನಸತೈತಿ ಅನ್ನೂದು ಅವನ ವಾದ. ಈ ಅರ್ಧ ನನಗ ಒಪ್ಪಿಗಿ ಇಲ್ಲ. ಆದರ ಅವನ ಇನ್ನರ್ಧ ಕೇಳು: ಕಡಿವಾಣ ಯಾವುದಿದ್ದರೂ ಸೆಟೆದು ನಿಲ್ಲಬಾರದು, ಬಾಯಾಗ ಆಡಬೇಕು, ಕುದುರಿ ತಲಿ ಚಲೋ ಹಿಡದ ಕೂಡಲೆ ಸವಾರ ಕೈ ಸಡಿಲು ಬಿಡಬೇಕು. ಎರಡು ಸಾವಿರದ ನಾಕನೂರು ವರ್ಷದ ಹಿಂದ ಬರದದ್ದು. ಈಗಿನ ಮಂದಿ ಒರಟಿಂದು ಓದಿ ಸಡಿಲಿಂದು ಬಿಡತಾರ.

ಈಗ ಬಾಯಿಗೆ ಬಾ. ಮೊದಲ ನಿನ್ನ ತಾಲೂಕಿನ ದನದ ದವಾಖಾನಿ ಡಾಕ್ಟರಿಗೆ ತೋರಿಸು. ಊರಿಂದ ಹೊಂಡಸಾಕ ಆಗದಿದ್ದರ 1962ಕ್ಕ ಫೋನ್ ಮಾಡು, ಪಶು ಸಂಜೀವಿನಿ ಗಾಡಿ ನಂಬರ ಅದು. ಹಲ್ಲ ನೋಡರಿ ಅಂತ ಬಾಯಿಬಿಟ್ಟು ಹೇಳು; ಕುದುರಿ ಅಂದ ಕೂಡಲೆ ಎಲ್ಲಾರೂ ಕಾಲಿಗೆ, ಹೊಟ್ಟಿಗೆ ಹೋಗತಾರ. ಕುದುರಿ ದವಡಿ ಹಲ್ಲು ಮುದಿ ಆಗೂ ತನಕ ವಸಡಿನಿಂದ ಹೊರಗ ಬರತಾನ ಇರತಾವ, ವರ್ಷಕ್ಕ ಎರಡ–ಮೂರು ಮಿಲಿಮೀಟರು. ತಿಂದು ಸವೀಬೇಕು. ಆದರ ಮ್ಯಾಲಿನ ದವಡಿ ಅಗಲ, ಕೆಳಗಿಂದು ಸಣ್ಣದು, ಹಿಂಗಾಗಿ ಪೂರಾ ಸವಿಯೂದಿಲ್ಲ. ಮ್ಯಾಲಿನ ಹಲ್ಲಿನ ಹೊರಗಿನ ಅಂಚು ಚೂಪಾಗಿ ಗಲ್ಲ ಕೊರೀತೈತಿ, ಕೆಳಗಿನದರ ಒಳಗಿನ ಅಂಚು ನಾಲಗಿ ಕೊರೀತೈತಿ. ಇಂಥಾ ಬಾಯಿಗೆ ರೇಷ್ಮಿ ದಾರ ಹಾಕಿದರೂ ನೋವ ಆಗೂದು. ಡಾಕ್ಟರು ಕಾನಸ ಹಿಡದು ಅಂಚು ಉಜ್ಜತಾರ; ವರ್ಷಕ್ಕೊಮ್ಮಿ ಮಾಡಿಸಿದರ ಸಾಕು.

ಇನ್ನೊಂದು ಸಣ್ಣ ಹಲ್ಲಿನ ಮಾತು. ದವಡಿ ಹಲ್ಲಿನ ಮುಂದ, ಕಡಿವಾಣ ಕೂಡೂ ಜಾಗಾದ ಅಂಚಿಗೆ, ಕೆಲವು ಕುದುರಿಗೆ ಒಂದು ಬಟಾಣಿಯಷ್ಟು ಹಲ್ಲು ಹುಟ್ಟತೈತಿ. ಗಂಡಿಗೂ ಬರತೈತಿ, ಹೆಣ್ಣಿಗೂ ಬರತೈತಿ, ಹೆಚ್ಚಾಗಿ ಮ್ಯಾಲಿನ ಸಾಲಿನ್ಯಾಗ. ಕೆಲವೊಮ್ಮಿ ವಸಡಿನ ಒಳಗ ಅಡಗಿರತೈತಿ, ಕಣ್ಣಿಗೆ ಕಾಣೂದಿಲ್ಲ, ಬಟ್ಟಿಗೆ ಸಿಗತೈತಿ. ಸಳಿ ಬಂದು ಅದಕ್ಕ ಬಡದರ ಕುದುರಿ ತಲಿ ಹಾರಿಸತೈತಿ, ಅದೂ ಒಂದ ಬದಿ ಲಗಾಮಿಗೆ ಹೆಚ್ಚು. ಹಂಗಿದ್ದರ ಡಾಕ್ಟರು ತಗೀತಾರ. ಕೋರಿ ಹಲ್ಲಿನ ಚಿಂತಿ ನಿನಗ ಬ್ಯಾಡ, ನಿಂದು ಹೆಣ್ಣು. ಅವು ಹೆಚ್ಚಾಗಿ ಗಂಡಿಗೆ ನಾಕು–ಐದನೇ ವರ್ಷದಾಗ ಬರತಾವ. ಆದರ ವಯಸ್ಸು ಕೇಳು. ಮಾರಿದಾಂವ ಆರು ವರ್ಷ ಅಂದಾನ, ನೀ ಕಳಿಸಿದ ಕುದುರಿ ಫೋಟೋದಾಗ ನನಗ ನಾಕರ ಮ್ಯಾಲ ಕಾಣವಲ್ಲದು. ಎರಡೂವರಿಯಿಂದ ಐದು ವರ್ಷದ ತನಕ ಹಾಲಹಲ್ಲು ಬಿದ್ದು ಹೊಸಾವು ಬರತಾವ, ಆವಾಗ ವಸಡು ಕೆಂಪಾಗಿ ಬಾತಿರತೈತಿ. ಹಲ್ಲ ಬದಲಾಗೂ ಪ್ರಾಣಿಗೆ ಬಾಯಿ ನಾಜೂಕ ಇರೂದು ಸಹಜ. ಕೆಲವು ತಿಂಗಳು ಕಬ್ಬಿಣ ಕಮ್ಮಿ ಮಾಡಿದರ ತಾನ ತಣ್ಣಗಾಗತೈತಿ.

ಡಾಕ್ಟರು ಬರೂ ತನಕ ನೀ ಗೋದಲಿ ಮುಂದ ನಿಂತು ನೋಡೂದು ಐತಿ. ಕಣಕಿ ಅರ್ಧ ಅಗದು ಉಂಡಿ ಮಾಡಿ ಕೆಳಗ ಉಗಳತೈತೇನು? ಕಡ್ಲಿ ತಿನ್ನೂ ಮುಂದ ತಲಿ ಒಂದ ಕಡೆ ವಾಲಸತೈತೇನು? ಬಾಯಿಂದ ಕೆಟ್ಟ ವಾಸನಿ ಬರತೈತೇನು? ಕಡಿವಾಣ ತಗದ ಮ್ಯಾಲ ನೊರಿಯೊಳಗ ಕೆಂಪು ಕಾಣತೈತೇನು? ಇವುದರಾಗ ಒಂದಿದ್ದರೂ ಸಳಿ ಬದಲಿಸಿ ಉಪಯೋಗ ಇಲ್ಲ, ಮೊದಲ ಬಾಯಿ ಸರಿ ಆಗಬೇಕು. ಮತ್ತ ಕಬ್ಬಿಣ ಪೂರಾ ತಗದು, ಬರೇ ಮಾರಿಗೆ ಹಗ್ಗ ಕಟ್ಟಿ, ಬೇಲಿ ಇರೂ ಜಾಗಾದಾಗ ನಡಿಸಿ ನೋಡು. ತಲಿ ಝಾಡಸೂದು ನಿಂತರ ಬ್ಯಾನಿ ಬಾಯಾಗ. ನಿಲ್ಲದಿದ್ದರ ಜೀನಿನ ಕೆಳಗ ಬೆನ್ನು ಒತ್ತಿ ನೋಡು, ಕಿವಿ ಹಿಂದ ಪಟ್ಟಿ ತಿಕ್ಕಿದ ಗಾಯ ನೋಡು. ಜೀನಿನ ನೋವಿಗೆ ಬಾಯಿ ಬೈಸಿಕೊಂಡ ಕುದುರಿ ಭಾಳ ಅದಾವ.

ಇಷ್ಟು ಆದ ಮ್ಯಾಲ ಅಳತಿ. ಒಂದು ನುಣುಪು ಕಟಗಿ ಬಾಯಾಗ ಅಡ್ಡ ಇಡು, ಎರಡೂ ಕಡೆ ತುಟಿಯ ಮೂಲಿ ಎಲ್ಲಿ ಬರತೈತಿ ಅಲ್ಲಿ ಗುರುತ ಹಾಕು. ಆ ಅಳತಿಗಿಂತ ಸಳಿ ಎರಡೂ ಬದಿ ಸುಮಾರು ಅರ್ಧ ಸೆಂಟಿಮೀಟರು ಹೊರಗಿರಬೇಕು. ಸಣ್ಣದಾದರ ತುಟಿ ಚಿವಟತೈತಿ, ದೊಡ್ಡದಾದರ ಅತ್ತ ಇತ್ತ ಸರದು ಎಲುಬಿಗೆ ಬಡೀತೈತಿ. ನಮ್ಮ ಕಡೆ ಮಧ್ಯಮ ಕುದುರಿಗೆ ಐದು ಇಂಚಿನ ಆಸುಪಾಸು, ತಟ್ಟಿಗೆ ನಾಕೂವರಿ ಬರತೈತಿ, ಆದರ ಅಂದಾಜಿನ್ಯಾಗ ಕೊಳ್ಳಬ್ಯಾಡ. ಅಂಗಡ್ಯಾಗ ಎಲ್ಲಾವೂ ಒಂದ ಅಳತಿ ಇರತಾವ, ಬಾಯಿ ಒಂದ ಅಳತಿ ಇರೂದಿಲ್ಲ.

ದಪ್ಪಂದ್ರ ಮೆತ್ತಗ ಅಂತ ಎಲ್ಲಾರೂ ಹೇಳತಾರ. ಅರ್ಧ ಖರೆ. ತೆಳ್ಳನ್ನ ತಂತಿಯಂಥಾ ಸಳಿ ಕೊರೀತೈತಿ, ಒಪ್ಪಿದೆ. ಆದರ ನಾಲಗಿ ದಪ್ಪ ಇದ್ದು ಅಂಗುಳ ತಗ್ಗಿದ್ದ ಕುದುರಿಗೆ ದಪ್ಪ ಸಳಿ ಹಾಕಿದರ ಬಾಯಿ ಮುಚ್ಚಾಕ ಜಾಗಾ ಎಲ್ಲೈತಿ? ನಾಲಗಿ ಹೊರಗ ಹಾಕೂದು ಅದಕ್ಕ. ಹಲ್ಲಿಲ್ಲದ ಬಯಲಿನ್ಯಾಗ ಎರಡು ಬಟ್ಟು ಅಡ್ಡ ಹಾಕಿ ಒಳಗ ಎಷ್ಟು ಜಾಗಾ ಐತಿ ಮುಟ್ಟಿ ನೋಡು, ಡಾಕ್ಟರು ಇದ್ದಾಗ ಅವರ ಕಡೆಯಿಂದ ಕಲತಗೊ. ತುಟಿಯ ಮೂಲಿ ಹತ್ರ 14ರಿಂದ 16 ಮಿಲಿಮೀಟರು ದಪ್ಪ ಹೆಚ್ಚಿನ ಕುದುರಿಗೆ ಹೊಂದತೈತಿ.

ನೀ ಕಳಿಸಿದ ಮೊದಲನೇ ಫೋಟೋ, ನಡುವ ಒಂದ ಕೊಂಡಿ ಇರೂದು, ಎಲ್ಲಾ ಕಡೆ ಸಿಗೂದು ಅದ. ಎರಡೂ ಲಗಾಮು ಒಮ್ಮಿ ಜಗ್ಗಿದರ ಅದು ಅಡಕೊತ್ತಿನಂಗ ಮಡಚಿ ನಾಲಗಿ ಹಿಚಕತೈತಿ, ಅಂಗುಳ ತಗ್ಗಿದ್ದರ ಕೊಂಡಿ ಮ್ಯಾಲ ಚುಚ್ಚತೈತಿ. ಕೈ ಹಗುರ ಇದ್ದಾಂವಗ ಅದರಾಗ ತೊಂದರಿ ಇಲ್ಲ, ಆದರ ನಿನ್ನ ಕುದುರಿಗೆ ನಾ ಅದನ್ನ ಹೇಳೂದಿಲ್ಲ. ನಡುವ ಒಂದು ಸಣ್ಣ ಗುಂಡಗಿನ ತುಂಡು ಇದ್ದು ಎರಡು ಕಡೆ ಕೊಂಡಿ ಇರೂದು ಸಿಗತೈತಿ, ಅದು ನಾಲಗಿ ಮ್ಯಾಲ ಹರಡಿ ಕೂಡತೈತಿ. ಕೊಳ್ಳೂ ಮುಂದ ಆ ತುಂಡು ಮುಟ್ಟಿ ನೋಡು. ಚಪ್ಪಟೆ ತಗಡಿನಂಗ ಅಂಚು ಎದ್ದಿದ್ದರ ಬ್ಯಾಡ, ಹುಣಸಿ ಬೀಜದಂಗ ಎಲ್ಲಾ ಕಡೆ ದುಂಡಗಿರಬೇಕು. ಕೆಲವು ಕುದುರಿಗೆ ಬಾಯಾಗ ಏನೂ ಅಳ್ಳಾಡೂದ ಸೇರೂದಿಲ್ಲ. ಅಂಥಾವಕ್ಕ ಕೊಂಡಿ ಇಲ್ಲದ, ನಾಲಗಿಗೆ ಜಾಗಾ ಬಿಟ್ಟು ಸಣ್ಣಗ ಬಾಗಿದ ಒಂದ ಸಳಿ ಹೊಂದತೈತಿ. ಜೆನೊಫೋನ್ ಆಡಬೇಕು ಅಂದಾನಲ್ಲ ಅಂತಿ. ಅವನ ಕುದುರಿ ಬ್ಯಾರೆ, ನಿಂದು ಬ್ಯಾರೆ. ಎರಡನ್ನೂ ಹಾಕಿ ಅದನ್ನ ಕೇಳು. ಬಾಯಿ ಮುಚ್ಚಿ, ಸಾವಕಾಶ ನೊಣಿತಾ, ತುಟಿ ಮ್ಯಾಲ ಸ್ವಲ್ಪ ನೊರಿ ತಂದರ ಒಪ್ಪೇತಿ ಅಂತ ತಿಳಿ.

ಎರಡನೇ ಫೋಟೋದ ರಬ್ಬರ್ ಸುತ್ತಿದ್ದು ಕೆಟ್ಟದಲ್ಲ, ಆದರ ಅದು ಬಿಸಲಿಗೆ ಒಣಗಿ ಸೀಳತೈತಿ, ಕುದುರಿ ಕಡದು ತುಂಡು ಹರೀತೈತಿ. ವಾರಕ್ಕೊಮ್ಮಿ ನೋಡಬೇಕು, ಹರದದ್ದು ಕಂಡ ದಿನಾನ ಒಗೀಬೇಕು. ಮೂರನೇದು ಉದ್ದ ಕಾಲಿಂದು, ಗದ್ದದ ಕೆಳಗ ಸರಪಳಿ ಬರೂದು. ಅದು ಸನ್ನಿಗೋಲಿನ ಲೆಕ್ಕ: ನೀ ಒಂದು ಜಗ್ಗಿದರ ಬಾಯಿಗೆ ಹಲವು ಪಟ್ಟು ಬೀಳತೈತಿ. ಸಿನಿಮಾದಾಗ ಚಂದ ಕಾಣತೈತಿ. ಮುಟ್ಟಬ್ಯಾಡ. ಬದಿಯ ಬಳಿ ಸಳಿಯ ತೂತಿನ್ಯಾಗ ತಿರಗೂದಿದ್ದರ ಸಂದಿನ್ಯಾಗ ತುಟಿ ಸಿಗತೈತಿ; ನಾಜೂಕು ತುಟಿಗೆ ಬಳಿ ಬೆಸದು ಕೂಡಿಸಿದ್ದು ವಾಸಿ. ಲೋಹ ಸ್ಟೇನಲೆಸ್ ಸ್ಟೀಲ್ ಇರಲಿ. ಮ್ಯಾಲ ಹೊಳಪು ಕೊಟ್ಟ ಅಗ್ಗದ್ದು ಕೆಲವು ತಿಂಗಳದಾಗ ಸಿಪ್ಪಿ ಏಳತೈತಿ, ಆ ಸಿಪ್ಪಿ ಬ್ಲೇಡಿನಷ್ಟ ಚೂಪು.

ಹೊಸಾದಿರಲಿ, ನಮ್ಮ ಕಂಬಾರನ ಕಡೆ ಮಾಡಿಸಿದ್ದಿರಲಿ, ಹಾಕೂ ಮೊದಲ ಒಂದು ಪರೀಕ್ಷಾ ಮಾಡು. ಮನ್ಯಾಗ ಹತ್ತಿ ಇದ್ದ ಇರತೈತಿ. ಒಂದು ಹಿಡಿ ಅರಳಿ ತಗೊಂಡು ಸಳಿ ಉದ್ದಕ್ಕೂ, ಕೊಂಡಿ ಸಂದಿಗೂ, ಬಳಿ ಬುಡಕ್ಕೂ ಎಳಿ. ಎಲ್ಲಿ ಎಳಿ ಸಿಕ್ಕಿ ನಿಲ್ಲತೈತಿ ಅಲ್ಲೆ ನಾಳೆ ನಾಲಗಿ ಸೀಳತೈತಿ. ಅಷ್ಟು ಜಾಗಾ ಕಂಬಾರಗ ತೋರಿಸಿ ಕಾನಸ ಹಾಕಿಸು.

ಹಾಕೂದರಾಗೂ ಕೆಲಸ ಐತಿ. ಮಾಗಿ ಚಳಿಯೊಳಗ ನಸಕಿನ್ಯಾಗ ಕಬ್ಬಿಣ ತಣ್ಣಗ ಕೊರೀತಿರತೈತಿ, ಅಂಗೈಯಾಗ ಹಿಡದು ಬೆಚ್ಚಗ ಮಾಡು. ಬ್ಯಾಸಗಿಯೊಳಗ ಇದರ ಉಲ್ಟಾ: ಕಟ್ಟಿ ಮ್ಯಾಲ ಬಿಸಲಿನ್ಯಾಗ ಬಿಟ್ಟದ್ದು ನಾಲಗಿ ಸುಡತೈತಿ, ನೀರಾಗ ಅದ್ದಿ ಹಾಕು. ಸಳಿಗೆ ಜರಾ ಬೆಲ್ಲಾ ಸವರು. ಹಲ್ಲಿಗೆ ಬಡದು ಬಾಯಿ ತಗಸಬ್ಯಾಡ, ತುಟಿಯ ಮೂಲಿಯೊಳಗ ಹೆಬ್ಬಟ್ಟು ಹಾಕಿದರ ತಾನ ತಗೀತೈತಿ. ಎತ್ತರಕ್ಕ ತುಟಿ ಮೂಲಿಯೊಳಗ ಒಂದು ಸುಕ್ಕು ಬೀಳಬೇಕು ಅಂತ ಹಿಂದಿನವರ ಅಳತಿ. ಅಲ್ಲಿಂದ ಸುರು ಮಾಡು, ಆಮ್ಯಾಲ ಅದು ನೊಣಿಯೂದು ನೋಡಿ ಒಂದು ತೂತು ಮ್ಯಾಲ ಕೆಳಗ ಮಾಡು. ಬಾಯಿ ತಗೀತೈತಿ ಅಂತ ಮೂಗಿನ ಪಟ್ಟಿ ಬಿಗೀತಾರ. ಅದು ಅಳೂ ಕೂಸಿನ ಬಾಯಿ ಮುಚ್ಚೂ ಕೆಲಸ. ಮೂಗಿನ ಎಲುಬಿನ ಮ್ಯಾಲ ಪಟ್ಟಿ ಒಳಗ ಎರಡು ಬಟ್ಟು ಸರಾಗ ಹೋಗಬೇಕು.

ತಗದ ಕೂಡಲೆ ನೀರಾಗ ತೊಳಿ. ಒಣಗಿದ ನೊರಿ, ಮೇವಿನ ಚೂರು ಗಟ್ಟಿಯಾಗಿ ಮರಳಿನಂಗ ತಿಕ್ಕತಾವ. ಮತ್ತ ಜಾತ್ರಿಯೊಳಗ ಯಾರರ ಕಡಿವಾಣ ಮರತು ಬಂದು ನಿಂದು ಕೇಳಿದರ ಕೊಡಬ್ಯಾಡ, ನೀನೂ ಇಸಕೋಬ್ಯಾಡ. ಗ್ಲ್ಯಾಂಡರ್ಸ್ ಅನ್ನೂ ರೋಗ ಮೂಗಿನ ಸಿಂಬಳದಿಂದ, ಒಂದ ಬಾನಿ ನೀರಿನಿಂದ, ಒಂದರದು ಇನ್ನೊಂದಕ್ಕ ಹಾಕಿದ ಸಾಮಾನಿಂದ ಹರಡತೈತಿ, ಮನಶ್ಯಾಗೂ ಹತ್ತತೈತಿ. ಇದರಾಗ ದಾಕ್ಷಿಣ್ಯ ಮಾಡಬ್ಯಾಡ.

ಕಬ್ಬಿಣನ ಇಲ್ಲದ ನಡಿಸಬಾರದೇನು ಅಂತ ಕೇಳೀದಿ. ನಡಸಬಹುದು. ಸುಗ್ಗಿ ಆದ ಮ್ಯಾಲ ನಮ್ಮ ಹೊಲದಾಗ ಕುರಿ ನಿಲ್ಲಸಾಕ ಬರೂ ಕುರುಬರ ತಟ್ಟು ನೋಡು. ಬೆನ್ನ ಮ್ಯಾಲ ಗಡಿಗಿ, ಬಲಿ, ಹುಟ್ಟಿದ ಮರಿ, ಕೋಳಿ ಎಲ್ಲಾ ಹೊತ್ತು, ಮಾರಿಗೆ ಒಂದು ಹಗ್ಗ ಇದ್ದರ ಇದ್ದೀತು, ಹಿಂಡಿನ ಹಿಂದ ತಾನ ಹೋಗತಿರತೈತಿ. ಭೀಮಾ ನದಿ ಕಡೆ ಧನಗರರು ಇಂಥಾ ಕೆಲಸಕ್ಕನ ಸಾಕೂ ಭೀಮಥಡಿ ಕುದುರಿಯನ್ನ ಈಚೆ ದೇಶದ ತಳಿ ಪಟ್ಟಿಯೊಳಗ ಸೇರಿಸಿದಾರ. ಬಾಯಾಗ ಹುಣ್ಣಿದ್ದರ ಮಾಯೂ ತನಕ ನೀನೂ ಹಂಗ ನಡಿಸು. ಆದರ ಮೂಗಿನ ಪಟ್ಟಿ ಎಲುಬು ಗಟ್ಟಿ ಇರೂ ಮ್ಯಾಲಿನ ಭಾಗಕ್ಕ ಬರಬೇಕು. ಕೆಳಗ ಎಲುಬು ತೆಳ್ಳಗಾಗಿ ಮೆತ್ತನ್ನ ಕುರಕುರಿ ಸುರುವಾಗತೈತಿ. ಅಲ್ಲಿ ಬಿಗದರ ಉಸರ ಕಟ್ಟತೈತಿ, ಅದು ಬಾಯಿ ನೋವಿಗಿಂತ ಕಮ್ಮಿ ಇಲ್ಲ. ಗದಗ ರಸ್ತೆದಾಗ ಲಾರಿ, ಕಬ್ಬಿನ ಟ್ರ್ಯಾಕ್ಟರು ಬರೂ ಜಾಗಾಕ್ಕ ಮಾತ್ರ, ನಿನ್ನ ದನಿಗೆ ನಿಲ್ಲೂದು ಕಲಿಯೂ ತನಕ, ಬರೇ ಹಗ್ಗದ ಮ್ಯಾಲ ತರಬ್ಯಾಡ.

ಕೈ ವಿಷಯ ಕಡೀಗೆ ಇಟ್ಟೆ, ಯಾಕಂದ್ರ ಅದನ್ನ ಮೊದಲ ಹೇಳಿದ್ದರ ನೀ ಉಳದದ್ದು ಓದತಿದ್ದಿಲ್ಲ. ಲಗಾಮು ಹಿಡದು ಕುದುರಿ ಮ್ಯಾಲ ನೇತಾಡೂ ಸವಾರನ ಕೈಯಾಗ ಯಾವ ಸಳಿನೂ ಮೆತ್ತಗ ಇರೂದಿಲ್ಲ. ಕುದುರಿ ನಡಿಯೂ ಮುಂದ ಹೆಜ್ಜಿಗೊಮ್ಮಿ ತಲಿ ಮ್ಯಾಲ ಕೆಳಗ ಮಾಡತೈತಿ. ನಿನ್ನ ಮೊಣಕೈ ಅದರ ಜೋಡಿ ತಗದು ಮುಚ್ಚಬೇಕು. ನಿಲ್ಲಸಾಕ ಮೊದಲ ನೀ ನೆಟ್ಟಗ ಕೂಡು, ಉಸರ ಬಿಡು, ಹೋ ಅನ್ನು, ಆಮ್ಯಾಲ ಲಗಾಮು. ಒಂದು ಸಲ ಬಿಗಿ ಮಾಡಿ, ಅದು ಅರ್ಧ ಹೆಜ್ಜಿ ತಡದರೂ ಸಾಕು, ಸಡಿಲು ಬಿಡು. ಆ ಸಡಿಲಿನ ಕ್ಷಣದಾಗ ಅದು ಕಲಿಯೂದು.

ಮದುವಿ ಮೆರವಣಗಿಗೆ ಒಯ್ಯೂ ಆಸೆ ಐತಿ ಅಂದಿ. ಈ ಹಂಗಾಮದಾಗ ಬ್ಯಾಡ. ಡಿಜೆ, ಪಟಾಕಿ, ಮದಿಮಗ ಎರಡೂ ಕೈಲೆ ಲಗಾಮು ಹಿಡದು ಕೂಡತಾನ. ಅಂಜಿದ ಕುದುರಿಯನ್ನ ಬಾಯಿ ಹಿಡದು ನಿಲ್ಲಸತೀನಿ ಅನ್ನೂದು ಆಗದ ಮಾತು. ಒಯ್ಯಾಕ ಬೇಕಾದಾಗ ಕುತಿಗಿ ಸುತ್ತ ಒಂದು ಅಗಲ ತೊಗಲಪಟ್ಟಿ ಕಟ್ಟಿ ಮದಿಮಗನ ಕೈಗೆ ಅದನ್ನ ಕೊಡು. ಲಗಾಮು ನಿನ್ನ ಕೈಯಾಗ, ಕೆಳಗ, ಕುದುರಿ ಹೆಗಲಿನ ಹತ್ರ ಇರಲಿ. ನೀನೂ ಕಲಿಯೂ ತನಕ ಆ ಪಟ್ಟಿ ಕಟ್ಟಿಗೊ. ಎತ್ತಿ ಹಾಕಿದಾಗ ಕೈ ಅದಕ್ಕ ಹೋಗಬೇಕು. ಪಟ್ಟಿ ಹೊಲ್ಯಾಕ ಸಮಗಾರನ ಹತ್ರ ಹೋದಾಗ ತಲಿಪಟ್ಟಿಯ ಹೊಲಿಗಿನೂ ತೋರಿಸು, ಗಲ್ಲದ ಬಕಲ್ ಹತ್ರ ದಾರ ಸಡಿಲಾದದ್ದು ಫೋಟೋದಾಗನ ಕಾಣಾಕತ್ತೈತಿ.